ಕಾಲುವೆಯ ಕೊನೆಯಲ್ಲಿ ನೀರಿನ ಮಟ್ಟ ತೂಗಾಡುವುದು ಮಾದರಿಯ ದೋಷವೇ, ಕಾಲುವೆಯ ಸ್ವಭಾವವೇ?

ಪ್ರಶ್ನೆ: ಗಣಿತ ಅಧ್ಯಾಪಕಿ, ಸಿಂಧನೂರು

ನಾನು ಪದವಿ ತರಗತಿಗಳಿಗೆ ಗಣಿತ ಕಲಿಸುತ್ತೇನೆ. ಅವಕಲ ಸಮೀಕರಣಗಳ ಪತ್ರಿಕೆಯ ಯೋಜನಾ ಕೆಲಸಕ್ಕೆ ನನ್ನ ವಿದ್ಯಾರ್ಥಿಗಳು ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ವಿತರಣಾ ಕಾಲುವೆಯಂಥ ರಚನೆಯನ್ನು ಆರಿಸಿಕೊಂಡು ಅದರ ಗಣಿತ ಮಾದರಿಯನ್ನು ಕಟ್ಟುತ್ತಿದ್ದಾರೆ. ಈ ಭಾಗದ ಮಕ್ಕಳಿಗೆ 69ನೇ ಮೈಲು, 104ನೇ ಮೈಲು ಎಂಬ ಗೇಜ್‌ಗಳ ಹೆಸರು ಯಾವ ಪ್ರಮೇಯಕ್ಕಿಂತಲೂ ಮೊದಲೇ ಗೊತ್ತಿರುತ್ತದೆ; ಅಲ್ಲಿ ನೀರು ಎಷ್ಟು ಅಡಿ ನಿಂತಿದೆ ಎಂಬುದರ ಮೇಲೆಯೇ ಎಷ್ಟೋ ಮನೆಗಳ ವರ್ಷದ ಲೆಕ್ಕ ನಿಂತಿರುವುದರಿಂದ ವಿಷಯವನ್ನು ಹುಡುಕುವ ಕಷ್ಟ ನಮಗೆ ಬರಲಿಲ್ಲ.

ಮಾದರಿ ಹೀಗಿದೆ. ಕಾಲುವೆಯ ಉದ್ದ 27 ಕಿ.ಮೀ., ಸರಾಸರಿ ಅಗಲ 5 ಮೀಟರ್, ಆಳ 1 ಮೀಟರ್, ನೀರಿನ ವೇಗ ಸೆಕೆಂಡಿಗೆ 0.9 ಮೀಟರ್. ಇವು ಲೆಕ್ಕಕ್ಕೆಂದು ಇಟ್ಟುಕೊಂಡ ಸಂಖ್ಯೆಗಳು, ಯಾವುದೇ ನಿಜವಾದ ಕಾಲುವೆಯ ಅಳತೆಗಳಲ್ಲ. ಕೊನೆಯ 4 ಕಿ.ಮೀ. ಭಾಗವನ್ನು ಒಂದು ಕೊಳದಂತೆ ಭಾವಿಸಿದ್ದೇವೆ. ಅಲ್ಲಿ ಮಟ್ಟವು ಗುರಿಗಿಂತ 10 ಸೆಂ.ಮೀ. ಕೆಳಗಿಳಿದರೆ ತಲೆಭಾಗದ ಗೇಟನ್ನು ಸೆಕೆಂಡಿಗೆ 0.5 ಘನ ಮೀಟರ್, ಅಂದರೆ ಸುಮಾರು 18 ಕ್ಯುಸೆಕ್ ಹೆಚ್ಚು ಹರಿಯುವಷ್ಟು ಎತ್ತಬೇಕು, ಮೇಲೇರಿದರೆ ಅಷ್ಟೇ ಇಳಿಸಬೇಕು ಎಂಬುದು ನಿಯಮ. ಕಂಪ್ಯೂಟರಿನಲ್ಲಿ ಇದನ್ನು ಓಡಿಸಿದಾಗ ಕೊನೆಯ ಮಟ್ಟ ಎಂದೂ ಒಂದು ಕಡೆ ನಿಲ್ಲುವುದಿಲ್ಲ. ತೂಗಾಟ ಸಣ್ಣದಾಗಿ ಆರಂಭವಾಗಿ, ಬೆಳೆದು, ಕೊನೆಗೆ ಗೇಟ್ ಪೂರ್ತಿ ತೆರೆಯುವುದು ಮತ್ತು ಪೂರ್ತಿ ಮುಚ್ಚುವುದರ ನಡುವೆಯೇ ಉಳಿದುಬಿಡುತ್ತದೆ.

ಈ ತೂಗಾಟ ಸಂಖ್ಯಾತ್ಮಕ ವಿಧಾನದ ದೋಷವೋ ಅಥವಾ ನಿಜವಾದ ಕಾಲುವೆಯೂ ಹೀಗೆಯೇ ವರ್ತಿಸುತ್ತದೆಯೋ ಎಂಬುದು ನನ್ನ ಮೊದಲ ಪ್ರಶ್ನೆ. ಎರಡನೆಯದಾಗಿ, ಆವಿಯಾಗುವಿಕೆ, ಬಸಿಯುವಿಕೆ, ಮಳೆ, ತೂಬುಗಳ ಸೋರಿಕೆ ಮುಂತಾದವನ್ನೆಲ್ಲ ಸೇರಿಸಿದಷ್ಟೂ ಮಾದರಿ ಸತ್ಯಕ್ಕೆ ಹತ್ತಿರವಾಗುತ್ತದೆ ಎಂದು ಕೆಲವು ವಿದ್ಯಾರ್ಥಿಗಳು ವಾದಿಸುತ್ತಿದ್ದಾರೆ, ಅದು ಸರಿಯೇ? ಮೂರನೆಯದಾಗಿ, ಇನ್ನೊಂದು ತಂಡ ಇದೇ ಮಾದರಿಗೆ ಭತ್ತದ ಕಂದು ಜಿಗಿಹುಳುವನ್ನೂ ಜೋಡಿಸಬೇಕೆಂದು ಹೊರಟಿದೆ. ಗಂಟೆಗಳಲ್ಲಿ ಬದಲಾಗುವ ನೀರನ್ನೂ ತಿಂಗಳುಗಳಲ್ಲಿ ಬದಲಾಗುವ ಕೀಟವನ್ನೂ ಒಂದೇ ವ್ಯವಸ್ಥೆಯಲ್ಲಿ ಬರೆಯುವುದು ಗಣಿತದ ದೃಷ್ಟಿಯಿಂದ ಒಪ್ಪತಕ್ಕದ್ದೇ?

ಉತ್ತರ 1: ನಿವೃತ್ತ ನೀರಾವರಿ ಎಂಜಿನಿಯರ್, ರಾಯಚೂರು

ನಿಮ್ಮ ತೂಗಾಟ ನಿಜವಾದದ್ದು. ಅದಕ್ಕೆ ಕಾರಣ ಗೇಟಿನ ನಿಯಮದಲ್ಲಿದೆಯೇ ಹೊರತು ಕಂಪ್ಯೂಟರಿನಲ್ಲಿಲ್ಲ ಎಂದು ನನಗೆ ತೋರುತ್ತದೆ. ಆದರೆ ಹಾಗೆಂದು ನಂಬಿಬಿಡುವ ಮೊದಲು ಎರಡನ್ನೂ ಬೇರ್ಪಡಿಸಿ ನೋಡುವ ದಾರಿಯನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ಅಗತ್ಯ.

ತೆರೆದ ಕಾಲುವೆಯ ಹರಿವನ್ನು ವಿವರಿಸುವ ಮೂಲ ಸಮೀಕರಣಗಳನ್ನು ಫ್ರಾನ್ಸಿನ ಸೇಂಟ್ ವೆನಾಂಟ್ 1871ರಲ್ಲಿ ಕೊಟ್ಟರು. ಅವುಗಳಲ್ಲಿ ಒಂದು ನೀರಿನ ರಾಶಿ ನಾಶವಾಗದು ಎನ್ನುತ್ತದೆ, ಇನ್ನೊಂದು ಇಳಿಜಾರು, ಘರ್ಷಣೆ ಮತ್ತು ಒತ್ತಡಗಳ ಲೆಕ್ಕವನ್ನಿಡುತ್ತದೆ. ನೀವು ಇವನ್ನು ಸರಳ ವಿಧಾನದಿಂದ ಬಿಡಿಸುತ್ತಿದ್ದರೆ ಒಂದು ಕಾಲದ ಹೆಜ್ಜೆಯಲ್ಲಿ ಅಲೆ ಒಂದು ತುಂಡಿಗಿಂತ ಹೆಚ್ಚು ದೂರ ಸಾಗಬಾರದು ಎಂದು 1928ರಲ್ಲಿ ಕೂರಾಂಟ್, ಫ್ರೀಡ್ರಿಕ್ಸ್ ಮತ್ತು ಲ್ಯೂವಿ ತೋರಿಸಿದ ನಿರ್ಬಂಧವನ್ನು ಪಾಲಿಸಲೇಬೇಕು. 1 ಮೀಟರ್ ಆಳದ ನೀರಿನಲ್ಲಿ ಸಣ್ಣ ಅಲೆಯ ವೇಗ, ಗುರುತ್ವವನ್ನು ಆಳದಿಂದ ಗುಣಿಸಿ ವರ್ಗಮೂಲ ತೆಗೆದರೆ ಬರುವ 3.1 ಮೀಟರ್, ಅದಕ್ಕೆ ಹರಿವಿನ 0.9 ಸೇರಿದರೆ ಸೆಕೆಂಡಿಗೆ ಸುಮಾರು 4 ಮೀಟರ್. ಕಾಲುವೆಯನ್ನು 500 ಮೀಟರಿನ ತುಂಡುಗಳಾಗಿ ವಿಭಾಗಿಸಿದ್ದರೆ ಕಾಲದ ಹೆಜ್ಜೆ ಎರಡು ನಿಮಿಷದ ಮೇಲೆ ಹೋಗಬಾರದು. ಈ ಮಿತಿ ಮೀರಿದಾಗ ಹುಟ್ಟುವ ತೂಗಾಟಕ್ಕೆ ಒಂದು ಗುರುತಿದೆ: ಅದು ತುಂಡಿನಿಂದ ತುಂಡಿಗೆ ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಜಿಗಿಯುತ್ತದೆ, ಕಾಲದ ಹೆಜ್ಜೆಯನ್ನು ಅರ್ಧಕ್ಕಿಳಿಸಿದರೆ ಅದರ ಆಕಾರವೇ ಬದಲಾಗುತ್ತದೆ. ಹೆಜ್ಜೆಯನ್ನು ಎಷ್ಟು ಕಿರಿದು ಮಾಡಿದರೂ ಅಲ್ಲಾಡದೆ ಅದೇ ಅವಧಿಯಲ್ಲಿ ಮುಂದುವರಿಯುವ ತೂಗಾಟ ಕಾಲುವೆಯದೇ.

ಈಗ ಕಾರಣಕ್ಕೆ ಬರುತ್ತೇನೆ. ತಲೆಭಾಗದಲ್ಲಿ ಹರಿವನ್ನು ಹೆಚ್ಚಿಸಿದಾಗ ಆ ಏರಿಕೆ ಕೆಳಗೆ ಸಾಗುವ ವೇಗ, ಅಗಲವಾದ ಕಾಲುವೆಯಲ್ಲಿ, ನೀರಿನ ವೇಗದ 5/3ರಷ್ಟಿರುತ್ತದೆ. ಇದು ಆಳ, ಇಳಿಜಾರು ಮತ್ತು ಒರಟುತನದಿಂದ ನೀರಿನ ವೇಗವನ್ನು ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರದಿಂದ ನೇರವಾಗಿ ಬರುವ ಫಲ. ನಿಮ್ಮ 0.9ಕ್ಕೆ ಅದು 1.5 ಮೀಟರ್ ಆಗುತ್ತದೆ, 27 ಕಿ.ಮೀ. ದಾಟಲು 18,000 ಸೆಕೆಂಡ್ ಬೇಕು, ಅಂದರೆ ಐದು ಗಂಟೆ. 5 ಮೀಟರ್ ಅಗಲದ ಕಾಲುವೆಯನ್ನು ಅಗಲವಾದದ್ದು ಎನ್ನಲಾಗದು, ಅಲ್ಲಿ ದಂಡೆಗಳ ಘರ್ಷಣೆಯೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಇನ್ನೂ ಅರ್ಧ ಗಂಟೆ ಸೇರಬಹುದು. ಸದ್ಯಕ್ಕೆ ಐದು ಎಂದೇ ಇಟ್ಟುಕೊಳ್ಳೋಣ.

ಕೊನೆಯ ಕೊಳದ ಹರವು 4,000 ಗುಣಿಸು 5, ಅಂದರೆ 20,000 ಚದರ ಮೀಟರ್. ಅಲ್ಲಿ 10 ಸೆಂ.ಮೀ. ಕೊರತೆ ಎಂದರೆ 2,000 ಘನ ಮೀಟರ್ ನೀರಿನ ಕೊರತೆ. ನಿಮ್ಮ ನಿಯಮ ಅದನ್ನು ಕಂಡೊಡನೆ ಸೆಕೆಂಡಿಗೆ 0.5 ಘನ ಮೀಟರನ್ನು ಹೆಚ್ಚಿಸುತ್ತದೆ, ಆ ಏರಿಕೆ ಕೊನೆಗೆ ಮುಟ್ಟುವ ಹೊತ್ತಿಗೆ ದಾರಿಯಲ್ಲಿ 9,000 ಘನ ಮೀಟರ್ ಸೇರಿಕೊಂಡಿರುತ್ತದೆ. ಎರಡು ಸಾವಿರ ಬೇಕಾದಲ್ಲಿ ಒಂಬತ್ತು ಸಾವಿರ ಹೊರಟಾಗಿದೆ; ಅದನ್ನು ಹಿಂದಕ್ಕೆ ಕರೆಯಲು ಬರುವುದಿಲ್ಲ. ಈ ಎರಡರ ಅನುಪಾತವಾದ 4.5 ಎಂಬ ಒಂದೇ ಸಂಖ್ಯೆ ನಿಮ್ಮ ಮಾದರಿಯ ಹಣೆಬರಹವನ್ನು ನಿರ್ಧರಿಸುತ್ತದೆ.

ಸಮೀಕರಣದ ಭಾಷೆಯಲ್ಲಿ, ಮಟ್ಟದ ಬದಲಾವಣೆಯ ದರವು ತಡಕ್ಕೆ, ಅಂದರೆ ಆ ಐದು ಗಂಟೆಗೆ, ಮುಂಚಿನ ಮಟ್ಟದ ಕೊರತೆಗೆ ಅನುಪಾತದಲ್ಲಿದೆ. ಅನುಪಾತದ ಸ್ಥಿರಾಂಕವನ್ನು ತಡದಿಂದ ಗುಣಿಸಿದಾಗ ಬರುವ ಸಂಖ್ಯೆ (ನಿಮ್ಮಲ್ಲಿ ಅದೇ 4.5) 0.368ಕ್ಕಿಂತ ಕಡಿಮೆಯಿದ್ದರೆ ಮಟ್ಟ ತೂಗಾಡದೆ ಗುರಿಯನ್ನು ಸೇರುತ್ತದೆ. ಅದಕ್ಕಿಂತ ಹೆಚ್ಚಾಗಿ ಪೈಯ ಅರ್ಧವಾದ 1.57ಕ್ಕಿಂತ ಕಡಿಮೆಯಿದ್ದರೆ ತೂಗಾಡಿ ಶಾಂತವಾಗುತ್ತದೆ, 1.57 ದಾಟಿದರೆ ತೂಗಾಟ ಬೆಳೆಯುತ್ತದೆ. ಸರಿಯಾಗಿ ಆ ಗಡಿಯಲ್ಲಿ ತೂಗಾಟದ ಅವಧಿ ತಡದ ನಾಲ್ಕರಷ್ಟು, ಅಂದರೆ ನಿಮಗೆ 20 ಗಂಟೆ. 4.5ರಲ್ಲಿ ಅದು ಕೊಂಚ ಕಿರಿದಾಗಿ ಸುಮಾರು 16 ಗಂಟೆಯಾಗಬೇಕು, ಮತ್ತು ಗೇಟ್ ತನ್ನ ಮಿತಿಗೆ ಬಡಿಯುವವರೆಗೆ ತೂಗಾಟದ ಎತ್ತರ ಐದು ಗಂಟೆಗೊಮ್ಮೆ ಇಮ್ಮಡಿಗಿಂತ ತುಸು ಹೆಚ್ಚಾಗಬೇಕು. ನಿಮ್ಮ ನಕ್ಷೆಯಲ್ಲಿ ಆರಂಭದ ಕೆಲವು ಅಲೆಗಳ ಅವಧಿಯನ್ನು ಅಳೆದು ನೋಡಿ. ಈ ಸಂಖ್ಯೆಗಳ ಹತ್ತಿರ ಬಂದರೆ ಸಂದೇಹ ಉಳಿಯುವುದಿಲ್ಲ. ತೂಗಾಟವಿಲ್ಲದೆ ನಿಲ್ಲಬೇಕೆಂದರೆ 0.5ರ ಜಾಗದಲ್ಲಿ 0.04 ಇಡಬೇಕು. ಹನ್ನೆರಡನೇ ಒಂದು ಭಾಗ ಎಂದರೆ ಬಹಳ ಮಂದವೆಂದು ತೋರಬಹುದು, ಆದರೆ ಐದು ಗಂಟೆ ತಡವಿರುವ ವ್ಯವಸ್ಥೆಗೆ ಅದಕ್ಕಿಂತ ಚುರುಕಾಗುವ ಹಕ್ಕಿಲ್ಲ.

ಎರಡನೆಯ ಪ್ರಶ್ನೆಗೆ ನನ್ನ ಅಭಿಪ್ರಾಯ ಇದು: ತಡವನ್ನು ಬದಲಿಸುವಂಥದ್ದನ್ನು ಸೇರಿಸಿ, ಉಳಿದದ್ದನ್ನು ಬಿಡಿ. ಕಾಲುವೆಯ ಒಂದು ದಿನದ ವರ್ತನೆಯಲ್ಲಿ ಆವಿಯಾಗುವಿಕೆ ಏನನ್ನೂ ಬದಲಿಸದು. ಆಪು, ಪಾಚಿ, ಹೂಳು ಬದಲಿಸುತ್ತವೆ. ಮ್ಯಾನಿಂಗ್ ಸೂತ್ರದ ಒರಟುತನದ ಗುಣಾಂಕ ಕಳೆ ಬೆಳೆದು 0.025ರಿಂದ 0.035ಕ್ಕೆ ಏರಿದರೆ ಅಷ್ಟೇ ಪ್ರಮಾಣದ ನೀರು ಹೆಚ್ಚು ಆಳವಾಗಿ, ಹೆಚ್ಚು ನಿಧಾನವಾಗಿ ಹರಿಯುತ್ತದೆ; ವೇಗ ಸುಮಾರು 18 ಶೇಕಡಾ ಇಳಿದು ಐದು ಗಂಟೆ ಆರು ಗಂಟೆಯಾಗುತ್ತದೆ. ನೀರು ಬಿಟ್ಟ ಹೊಸದರಲ್ಲಿ ಸರಿಯಾಗಿದ್ದ ನಿಯಮ ದಸರೆಯ ಹೊತ್ತಿಗೆ ತೂಗಾಡತೊಡಗಿದರೆ ಅದಕ್ಕೆ ಕಳೆಯೇ ಸಾಕು.

ಉತ್ತರ 2: ಕೀಟಶಾಸ್ತ್ರ ಸಂಶೋಧಕ, ಗಂಗಾವತಿ

ಮೇಲಿನ ಉತ್ತರದಲ್ಲಿ ಪೈಯ ಅರ್ಧ ಎಂಬ ಸಂಖ್ಯೆಯನ್ನು ಕಂಡು ಬರೆಯಬೇಕೆನಿಸಿತು, ಏಕೆಂದರೆ ನಮ್ಮ ಕ್ಷೇತ್ರಕ್ಕೂ ಅದೇ ಸಂಖ್ಯೆ ಸೇರಿದೆ. ಜೀವಸಂಖ್ಯೆ ಒಂದು ಮಿತಿಯತ್ತ ಬೆಳೆಯುವ ಲಾಜಿಸ್ಟಿಕ್ ಸಮೀಕರಣವನ್ನು ವೆರ್‌ಹಲ್ಸ್ಟ್ 1838ರಲ್ಲಿ ಬರೆದರು. ಅದರಲ್ಲಿ ತೂಗಾಟವಿಲ್ಲ. 1948ರಲ್ಲಿ ಹಚಿನ್ಸನ್ ಅದಕ್ಕೆ ಒಂದೇ ಒಂದು ತಿದ್ದುಪಡಿ ಮಾಡಿದರು: ಇಕ್ಕಟ್ಟಿನ ಪರಿಣಾಮ ಈ ಕ್ಷಣದ ಸಂಖ್ಯೆಯಿಂದಲ್ಲ, ಸ್ವಲ್ಪ ಹಿಂದಿನ ಸಂಖ್ಯೆಯಿಂದ ಬರುತ್ತದೆ ಎಂದರು. ಆಹಾರದ ಕೊರತೆ ಇಂದು ತಾಯಂದಿರನ್ನು ಬಾಧಿಸಿದರೆ ಅದರ ಫಲ ಮುಂದಿನ ತಲೆಮಾರಿನಲ್ಲಿ ಕಾಣಿಸುತ್ತದಲ್ಲವೇ. ಆ ಸಮೀಕರಣವನ್ನು ಮಿತಿಯ ಹತ್ತಿರ ರೇಖೀಯಗೊಳಿಸಿದರೆ ಬರುವುದು ನಿಮ್ಮ ಕಾಲುವೆಯ ಸಮೀಕರಣವೇ, ಅಕ್ಷರ ಮಾತ್ರ ಬೇರೆ. ಬೆಳವಣಿಗೆಯ ದರವನ್ನು ತಡದಿಂದ ಗುಣಿಸಿದ್ದು 1.57 ದಾಟಿದರೆ ಕೀಟದ ಸಂಖ್ಯೆ ಶಾಶ್ವತವಾಗಿ ಏರಿಳಿಯುತ್ತದೆ. ತಡವನ್ನು ಒಂದು ತಲೆಮಾರಿನಷ್ಟು ಎಂದು ಹಿಡಿದರೆ, ತಲೆಮಾರಿಗೆ ಸುಮಾರು 4.8 ಪಟ್ಟಿಗಿಂತ ವೇಗವಾಗಿ ಬೆಳೆಯಬಲ್ಲ ಯಾವುದೇ ಜೀವಿ ಈ ಗಡಿಯನ್ನು ದಾಟಿದೆ ಎಂದರ್ಥ. ಕಂದು ಜಿಗಿಹುಳುವಿನ ಒಂದು ಹೆಣ್ಣು ನೂರಾರು ಮೊಟ್ಟೆಗಳನ್ನಿಡುತ್ತದೆ, ಒಂದು ತಲೆಮಾರು ಒಂದು ತಿಂಗಳೊಳಗೆ ಮುಗಿಯುತ್ತದೆ. ಒಂದು ಹಂಗಾಮಿನ ಭತ್ತದಲ್ಲಿ ಮೂರ್ನಾಲ್ಕು ತಲೆಮಾರುಗಳು ಕಳೆಯುವುದರಿಂದ, ಸಸಿ ಹಂತದಲ್ಲಿ ಕಣ್ಣಿಗೇ ಬೀಳದ ಕೀಟ ತೆನೆ ಕಟ್ಟುವ ಹೊತ್ತಿಗೆ ಗದ್ದೆಯನ್ನು ಸುಟ್ಟಂತೆ ಮಾಡಿಬಿಡಬಲ್ಲದು.

ಆದರೂ ಹಚಿನ್ಸನ್ನರ ಸಮೀಕರಣವನ್ನು ಕಂದು ಜಿಗಿಹುಳುವಿಗೆ ಹಾಗೆಯೇ ಅಂಟಿಸಬೇಡಿ. ಇದಕ್ಕೆ ಉದ್ದ ರೆಕ್ಕೆಯ ರೂಪವೊಂದಿದೆ, ಗಾಳಿಯೊಡನೆ ದೂರ ಸಾಗಿ ಹೊಸ ಗದ್ದೆಗಳಿಗೆ ಇಳಿಯುತ್ತದೆ; ಆದ್ದರಿಂದ ಒಂದು ಗದ್ದೆ ಮುಚ್ಚಿದ ವ್ಯವಸ್ಥೆಯಲ್ಲ. ಜೇಡ, ಮಿರಿಡ್ ತಿಗಣೆ ಮುಂತಾದ ಭಕ್ಷಕಗಳೂ ಇವೆ. ಕೀಟನಾಶಕ ಭಕ್ಷಕಗಳನ್ನು ಹೆಚ್ಚು ಕೊಂದು, ಕಾಂಡದೊಳಗಿನ ಮೊಟ್ಟೆಗಳನ್ನು ಉಳಿಸಿದರೆ ಸಿಂಪಡಣೆಯ ನಂತರ ಕೀಟ ಮೊದಲಿಗಿಂತ ಹೆಚ್ಚಾಗುತ್ತದೆ. ಇಂಡೋನೇಷ್ಯಾ ಸರ್ಕಾರ 1986ರಲ್ಲಿ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿದ್ದಕ್ಕೆ ಈ ಅನುಭವವೇ ಹಿನ್ನೆಲೆ. ನಿಮ್ಮ ತಂಡ ಕೀಟವನ್ನು ಸೇರಿಸುವುದಾದರೆ ಭಕ್ಷಕವನ್ನೂ ಎರಡನೆಯ ಚಲಕವಾಗಿ ಸೇರಿಸಲಿ. ಲೋಟ್ಕಾ 1925ರಲ್ಲಿ, ವೋಲ್ಟೆರಾ 1926ರಲ್ಲಿ ಕೊಟ್ಟ ಜೋಡಿ ಸಮೀಕರಣಗಳಿಂದ ಆರಂಭಿಸಬಹುದು.

ನಿಮ್ಮ ಮೂರನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ನೀರು ಮತ್ತು ಕೀಟ ಎರಡನ್ನೂ ಒಟ್ಟಿಗೆ ಇಟ್ಟು ಮಾದರಿ ಕಟ್ಟಿದ ಒಂದು ಒಳ್ಳೆಯ ಉದಾಹರಣೆ ಇದೆ. ಬಾಲಿ ದ್ವೀಪದಲ್ಲಿ ಸುಬಾಕ್ ಎಂಬ ರೈತ ಸಂಘಗಳು ನೀರಿನ ಸರದಿಯನ್ನು ತಾವೇ ನಿರ್ಧರಿಸುತ್ತವೆ. ಓಸ್ ಮತ್ತು ಪೆಟಾನು ಎಂಬ ಎರಡು ನದಿಗಳ ನಡುವಿನ 172 ಸುಬಾಕ್‌ಗಳ ಮಾದರಿಯನ್ನು ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಕಟ್ಟಿ 1993ರಲ್ಲಿ ಪ್ರಕಟಿಸಿದರು. ಎಲ್ಲರೂ ಒಂದೇ ದಿನ ನಾಟಿ ಮಾಡಿದರೆ ಕೊಯ್ಲಿನ ನಂತರ ಇಡೀ ಬಯಲು ಖಾಲಿಯಾಗಿ ಕೀಟಕ್ಕೆ ಆಸರೆ ಸಿಗದು, ಆದರೆ ನೀರಿನ ಬೇಡಿಕೆ ಒಮ್ಮೆಲೇ ಶಿಖರಕ್ಕೇರುತ್ತದೆ. ಒಬ್ಬೊಬ್ಬರು ಒಂದೊಂದು ದಿನ ನಾಟಿ ಮಾಡಿದರೆ ನೀರು ಸಮನಾಗಿ ಸಾಲುತ್ತದೆ, ಆದರೆ ಕೀಟಕ್ಕೆ ಸದಾ ಎಲ್ಲೋ ಒಂದು ಹಸಿರು ಗದ್ದೆ ಇದ್ದೇ ಇರುತ್ತದೆ. ಇವೆರಡರ ನಡುವೆ, ಎಷ್ಟು ಸುಬಾಕ್‌ಗಳು ಒಂದು ಗುಂಪಾಗಿ ನಾಟಿ ಮಾಡಿದರೆ ಇಳುವರಿ ಅತಿ ಹೆಚ್ಚು ಎಂಬುದನ್ನು ಮಾದರಿ ಹುಡುಕಿತು. ಪ್ರತಿ ಸುಬಾಕ್ ತನ್ನ ನೆರೆಯವರಲ್ಲಿ ಹೆಚ್ಚು ಇಳುವರಿ ಪಡೆದವರ ಸರದಿಯನ್ನು ಅನುಸರಿಸುತ್ತದೆ ಎಂಬ ಒಂದೇ ಸರಳ ನಿಯಮ ಕೊಟ್ಟಾಗ, ಮೇಲಿನಿಂದ ಯಾರ ಆಜ್ಞೆಯೂ ಇಲ್ಲದೆ, ನಿಜವಾಗಿ ಅಲ್ಲಿ ಕಾಣುವ ಗುಂಪುಗಳಂಥವೇ ಮಾದರಿಯಲ್ಲಿ ಮೂಡಿದವು.

ನಮ್ಮಲ್ಲಿ ಗಂಗಾವತಿ, ಕಾರಟಗಿಯ ಕಡೆ ನಾಟಿ ಮುಗಿದು ಬಹಳ ದಿನಗಳ ನಂತರವೂ ಕೆಳಭಾಗದವರು ನೀರಿಗೆ ಕಾಯುತ್ತಿರುತ್ತಾರೆ. ಹಾಗೆ ಹರಡಿದ ನಾಟಿ ಕೀಟಕ್ಕೆ ಮೇಲಿನಿಂದ ಕೆಳಗಿನವರೆಗೆ ಮೆಟ್ಟಿಲು ಹಾಕಿಕೊಟ್ಟಂತೆ. ಹಾಗಾಗಿ ನಿಮ್ಮ ವಿದ್ಯಾರ್ಥಿಗಳ ಹಂಬಲ ಸರಿಯಾಗಿದೆ. ಆದರೆ ಗಂಟೆಯ ಸಮೀಕರಣ ಮತ್ತು ತಿಂಗಳ ಸಮೀಕರಣವನ್ನು ಒಂದೇ ಹೆಜ್ಜೆಯಲ್ಲಿ ಓಡಿಸಬೇಡಿ. ಕೀಟದ ಕಣ್ಣಿಗೆ ಕಾಲುವೆ ಯಾವಾಗಲೂ ತನ್ನ ಸಮತೋಲವನ್ನು ಸೇರಿಯೇ ಇರುತ್ತದೆ. ಆದ್ದರಿಂದ ಕಾಲುವೆಯ ಮಾದರಿಯಿಂದ ಪ್ರತಿ ಭಾಗಕ್ಕೆ ಹತ್ತು ದಿನಗಳಲ್ಲಿ ಸಿಕ್ಕ ಒಟ್ಟು ನೀರು ಎಂಬ ಒಂದೇ ಸಂಖ್ಯೆಯನ್ನು ತೆಗೆದು ಬೆಳೆ ಮತ್ತು ಕೀಟದ ಮಾದರಿಗೆ ಕೊಡಿ. ಅಲ್ಲಿಂದ ನಾಟಿಯ ದಿನ ಮತ್ತು ಬೇಡಿಕೆ ಹಿಂದಕ್ಕೆ ಬರಲಿ. ಅಷ್ಟು ಕೊಡುಕೊಳ್ಳುವಿಕೆ ಸಾಕು.

ಉತ್ತರ 3: ನಿಯಂತ್ರಣ ವ್ಯವಸ್ಥೆಗಳ ಎಂಜಿನಿಯರ್, ಸಂಡೂರು ತಾಲ್ಲೂಕು

ನಾನು ಉಕ್ಕು ಕೈಗಾರಿಕೆಯಲ್ಲಿ ದುಡಿದವನು, ಬಿಡುವಿನಲ್ಲಿ ಕಾಲಿನ ಮೇಲೆ ನಡೆಯುವ ಸಣ್ಣ ರೋಬೋಟ್‌ಗಳನ್ನು ಕಟ್ಟುತ್ತೇನೆ. ಎರಡೂ ಕಡೆ ಕಾಡುವುದು ಇದೇ ತಡ. ಕಬ್ಬಿಣ ಕರಗಿಸುವ ಊದುಕುಲುಮೆಯ ಬಾಯಿಗೆ ಹಾಕಿದ ಕೋಕ್ ಎಂಬ ಇಂಧನ ಮತ್ತು ಅದಿರು ಕೆಳಗಿನ ಕಾವಿನ ವಲಯಕ್ಕೆ ಇಳಿಯಲು ಆರರಿಂದ ಎಂಟು ಗಂಟೆ ಹಿಡಿಯುತ್ತದೆ. ಕಬ್ಬಿಣದಲ್ಲಿ ಸಿಲಿಕಾನ್ ಕಡಿಮೆಯಾಯಿತು, ಕುಲುಮೆ ತಣ್ಣಗಾಗುತ್ತಿದೆ ಎಂದು ಒಂದು ಪಾಳಿಯವರು ಕೋಕನ್ನು ಹೆಚ್ಚಿಸಿದರೆ ಫಲ ಕಾಣುವುದು ಮುಂದಿನ ಪಾಳಿಗೆ; ಆ ಪಾಳಿಯವರು ಕುಲುಮೆ ವಿಪರೀತ ಬಿಸಿಯಾಯಿತೆಂದು ಕೋಕನ್ನು ಇಳಿಸಿದರೆ ತೂಗಾಟ ಆರಂಭವಾದಂತೆಯೇ.

ಇದಕ್ಕೆ ಗೇನನ್ನು, ಅಂದರೆ ಕೊರತೆಗೆ ಗೇಟ್ ಎಷ್ಟು ಜೋರಾಗಿ ಪ್ರತಿಕ್ರಿಯಿಸುತ್ತದೆ ಎಂಬ ಪ್ರಮಾಣವನ್ನು, ತಗ್ಗಿಸುವುದೊಂದೇ ದಾರಿಯಲ್ಲ. 1957ರಲ್ಲಿ ಓಟೋ ಸ್ಮಿತ್ ಇನ್ನೊಂದನ್ನು ತೋರಿಸಿದರು: ನಿಯಂತ್ರಕದೊಳಗೆ ವ್ಯವಸ್ಥೆಯ ಒಂದು ಪುಟ್ಟ ಮಾದರಿಯನ್ನೇ ಇಡುವುದು. ನಿಮ್ಮ ಕಾಲುವೆಗೆ ಅನ್ವಯಿಸಿದರೆ, ಗೇಟ್ ಕೊನೆಯ ಮಟ್ಟವನ್ನು ಮಾತ್ರ ನೋಡದೆ ಕಳೆದ ಐದು ಗಂಟೆಗಳಲ್ಲಿ ತಾನು ಬಿಟ್ಟು ಇನ್ನೂ ದಾರಿಯಲ್ಲಿರುವ ನೀರನ್ನೂ ಲೆಕ್ಕದಲ್ಲಿಟ್ಟುಕೊಳ್ಳುತ್ತದೆ. ಎರಡು ಸಾವಿರ ಘನ ಮೀಟರ್ ಕೊರತೆಯಿದ್ದು, ಎರಡು ಸಾವಿರ ಈಗಾಗಲೇ ಹೊರಟಿದ್ದರೆ ಅದು ಸುಮ್ಮನಿರುತ್ತದೆ. ಆದರೆ ಈ ವಿಧಾನ ತಡದ ಅಂದಾಜು ಸರಿಯಾಗಿರುವವರೆಗೆ ಮಾತ್ರ ನಂಬಿಕೆಗೆ ಅರ್ಹ. ಕಳೆಯಿಂದ ಐದು ಗಂಟೆ ಆರಾಗಿದ್ದರೆ, ಬಂದು ಮುಟ್ಟಿತೆಂದು ಅದು ಭಾವಿಸಿದ ನೀರು ಇನ್ನೂ ದಾರಿಯಲ್ಲಿರುತ್ತದೆ. ಗೇನ್ ಹೆಚ್ಚಿಟ್ಟಿದ್ದರೆ ತೂಗಾಟ ಮರಳುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ಗೇಟ್‌ಗಳಿಗೆ ದೂರದಿಂದಲೇ ನೋಡಿ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆ ಬಂದಿರುವುದರಿಂದ ಇಂಥ ಲೆಕ್ಕಗಳು ನಮ್ಮ ಭಾಗಕ್ಕೆ ಇನ್ನು ತರಗತಿಯ ವಿಷಯ ಮಾತ್ರವಲ್ಲ.

ರೋಬೋಟ್‌ನ ಲೋಕದಿಂದ ಒಂದು ಪ್ರಯೋಗವನ್ನು ಹೇಳುತ್ತೇನೆ, ತರಗತಿಯಲ್ಲೇ ಮಾಡಬಹುದು. ಒಂದು ಮೀಟರ್ ಉದ್ದದ ಕೋಲನ್ನು ಅಂಗೈಯ ಮೇಲೆ ನಿಲ್ಲಿಸುವುದು ಸ್ವಲ್ಪ ಅಭ್ಯಾಸದಿಂದ ಸಾಧ್ಯ, 25 ಸೆಂ.ಮೀ. ಕಡ್ಡಿಯನ್ನು ನಿಲ್ಲಿಸುವುದು ಬಹುತೇಕ ಅಸಾಧ್ಯ. ಕೋಲು ಬೀಳುವ ಕಾಲಮಾನ ಅದರ ಉದ್ದದ ವರ್ಗಮೂಲದೊಂದಿಗೆ ಬೆಳೆಯುತ್ತದೆ: ಮೀಟರ್ ಕೋಲಿಗೆ ಸುಮಾರು 0.26 ಸೆಕೆಂಡ್, ಕಾಲು ಮೀಟರಿಗೆ 0.13. ಕಣ್ಣು ಕಂಡು ಕೈ ಚಲಿಸಲು ನಮಗೆ ಸುಮಾರು 0.2 ಸೆಕೆಂಡ್ ಬೇಕು. ತಡ ಬೀಳುವ ಕಾಲಕ್ಕಿಂತ ಹೆಚ್ಚಾದೊಡನೆ ಯಾವ ಕೌಶಲವೂ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಕೋಲಿನ ಮರ ಯಾವುದು, ಗಾಳಿ ಎಷ್ಟಿದೆ ಎಂಬ ವಿವರಗಳನ್ನು ಎಷ್ಟು ಸೇರಿಸಿದರೂ ತೀರ್ಮಾನ ಬದಲಾಗದು.

ವಿವರಗಳನ್ನು ಬಿಡುವುದು ಸೋಮಾರಿತನವಲ್ಲ, ಅದೊಂದು ವಿದ್ಯೆ ಎಂಬುದನ್ನು ಜೀವಶಾಸ್ತ್ರ ಮತ್ತು ರೋಬೋಟಿಕ್ಸ್ ಸೇರಿಯೇ ಕಲಿಸಿವೆ. ಓಡುವ ಪ್ರಾಣಿಯನ್ನು ಭಾರವಿಲ್ಲದ ಒಂದು ಸ್ಪ್ರಿಂಗಿನ ಮೇಲೆ ಕುಳಿತ ಒಂದು ಬಿಂದುವಾಗಿ ಬ್ಲಿಕ್‌ಹಾನ್ 1989ರಲ್ಲಿ ವಿವರಿಸಿದರು. ಆರು ಕಾಲಿನ ಜಿರಲೆ, ನಾಲ್ಕು ಕಾಲಿನ ನಾಯಿ, ಎರಡು ಕಾಲಿನ ಮನುಷ್ಯ ಎಲ್ಲರ ಓಟದಲ್ಲೂ ದೇಹದ ಕೇಂದ್ರ ಒಂದೇ ಬಗೆಯಲ್ಲಿ ಪುಟಿಯುತ್ತದೆ. ಫುಲ್ ಎಂಬ ಜೀವಶಾಸ್ತ್ರಜ್ಞ ಮತ್ತು ಕೊಡಿಟ್‌ಶೆಕ್ ಎಂಬ ರೋಬೋಟಿಕ್ಸ್ ತಜ್ಞ 1999ರಲ್ಲಿ ಇದನ್ನೊಂದು ವಿಧಾನವನ್ನಾಗಿಯೇ ಮುಂದಿಟ್ಟರು: ಮೊದಲು ವರ್ತನೆಯನ್ನು ತೋರುವ ಅತಿ ಚಿಕ್ಕ ಮಾದರಿ, ನಂತರ ಆ ಚಿಕ್ಕ ಮಾದರಿಯನ್ನು ಹೊತ್ತು ನಿಲ್ಲುವ ಕೀಲು, ಸ್ನಾಯು, ನರಗಳ ವಿವರವಾದ ಮಾದರಿ. ನಿಮ್ಮ ಕಾಲುವೆಗೆ ಚಿಕ್ಕ ಮಾದರಿ ಎಂದರೆ ತಡ ಮತ್ತು ಕೊಳ, ಎರಡೇ ನಿಯತಾಂಕಗಳು. ಸೇಂಟ್ ವೆನಾಂಟ್ ಸಮೀಕರಣಗಳು ವಿವರವಾದ ಮಾದರಿ. ಎರಡನ್ನೂ ಇಟ್ಟುಕೊಂಡು, ಚಿಕ್ಕದು ಎಲ್ಲಿ ದೊಡ್ಡದರಿಂದ ಬೇರಾಗುತ್ತದೆ ಎಂದು ನೋಡುವುದೇ ನಿಜವಾದ ಯೋಜನಾ ಕೆಲಸ. ಎರಡು ಗೇಜ್‌ಗಳ ಓದಿನಿಂದ ಹತ್ತು ನಿಯತಾಂಕಗಳನ್ನು ನಿರ್ಧರಿಸಲು ಹೊರಟರೆ ಮಾದರಿ ಯಾವ ದತ್ತಾಂಶಕ್ಕೂ ಹೊಂದಿಕೊಳ್ಳುತ್ತದೆ, ಹಾಗಾಗಿ ಯಾವುದನ್ನೂ ತಿಳಿಸುವುದಿಲ್ಲ.

ಉತ್ತರ 4: ಕೊನೆ ಭಾಗದ ರೈತ, ಸಿರವಾರ ತಾಲ್ಲೂಕು

ಬಿ.ಎಸ್ಸಿ.ಯಲ್ಲಿ ಗಣಿತ ಓದಿ ಈಗ ಒಕ್ಕಲುತನ ಮಾಡುತ್ತಿದ್ದೇನೆ. ಮೇಲಿನ ಮೂವರ ಮಾತನ್ನೂ ಗೌರವದಿಂದ ಓದಿದೆ. ಆದರೆ ನಿಮ್ಮ ಯಾರ ಸಮೀಕರಣದಲ್ಲೂ ದಾರಿಯಲ್ಲಿ ನೀರೆತ್ತುವವರು ಇಲ್ಲ. ಎಡದಂಡೆಯ ಅಚ್ಚುಕಟ್ಟಿನ ಬಹುಭಾಗವನ್ನು ಮಿತ ನೀರಾವರಿ ಬೆಳೆಗಳಿಗೆಂದು ಯೋಜಿಸಲಾಗಿತ್ತು. ಮೇಲ್ಭಾಗ ಭತ್ತಕ್ಕೆ ತಿರುಗಿದ್ದರಿಂದ ನೀರಿನ ಲೆಕ್ಕ ಮೊದಲಿನ ಯೋಜನೆಯಂತೆ ಉಳಿದಿಲ್ಲ. ಈ ಅಂಶವನ್ನು ಬಿಟ್ಟ ಮಾದರಿ ತೂಗಾಟವನ್ನು ವಿವರಿಸಬಹುದು, ಕೊರತೆಯನ್ನು ವಿವರಿಸಲಾರದು.

ನೀವು ಸೇರಿಸಲೇಬೇಕಾದ ಒಂದು ಸಂಗತಿ ನಿರೀಕ್ಷೆ. ನೀರು ಇನ್ನು ಕೆಲವು ದಿನಗಳಲ್ಲಿ ನಿಲ್ಲಲಿದೆ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಆನ್ ಅಂಡ್ ಆಫ್ ಪದ್ಧತಿ ಬರಲಿದೆ ಎಂಬ ಸುದ್ದಿ ಹಬ್ಬಿದೊಡನೆ ಮೇಲ್ಭಾಗದವರು ಗದ್ದೆಗೆ ಬೇಕಾದುದಕ್ಕಿಂತ ಹೆಚ್ಚು ನೀರನ್ನು ಕಟ್ಟಿಕೊಳ್ಳುತ್ತಾರೆ. ಅದು ಅವರ ಕೆಟ್ಟತನವಲ್ಲ. ನಾಳೆಯ ಭರವಸೆ ಇಲ್ಲದಿದ್ದರೆ ಯಾವ ಒಕ್ಕಲಿಗನಾದರೂ ಅದನ್ನೇ ಮಾಡುತ್ತಾನೆ. ಆದರೆ ಗಣಿತಕ್ಕೆ ಅದರ ಅರ್ಥ ಬೇರೆ. ಕೊರತೆ ಕಂಡಾಗ ಗೇಟ್ ಹೆಚ್ಚು ನೀರು ಬಿಡುವುದು ತಿದ್ದುವ ಫೀಡ್‌ಬ್ಯಾಕ್. ಕೊರತೆಯ ಸುದ್ದಿಗೆ ಎತ್ತುವಿಕೆ ಹೆಚ್ಚುವುದು ಕೊರತೆಯನ್ನೇ ಬೆಳೆಸುವ ಫೀಡ್‌ಬ್ಯಾಕ್. ಮೊದಲನೆಯದಕ್ಕೆ ಐದು ಗಂಟೆ ತಡವಿದೆ, ಎರಡನೆಯದಕ್ಕೆ ಫೋನಿನಲ್ಲಿ ಸಂದೇಶ ಮುಟ್ಟುವಷ್ಟೇ ಹೊತ್ತು. ವೇಗದ ಫೀಡ್‌ಬ್ಯಾಕ್ ಯಾವಾಗಲೂ ಮುಂದೆ ಇರುತ್ತದೆ.

ಇನ್ನೊಂದು ಮಾತು. ಒಣಗಿದ ಕಾಲುವೆಗೆ ನೀರು ಬಿಟ್ಟಾಗ ಐದು ಗಂಟೆಯ ಲೆಕ್ಕ ನಡೆಯುವುದಿಲ್ಲ. ಹರಿಯುತ್ತಿರುವ ನೀರಿನಲ್ಲಿ ಏರಿಕೆ ನೀರಿಗಿಂತ ವೇಗವಾಗಿ ಸಾಗಬಹುದು, ಒಣ ತಳದಲ್ಲಿ ಮುಂಚೂಣಿ ನೀರಿಗಿಂತ ಮುಂದೆ ಹೋಗಲಾರದು. ನಿಮ್ಮದೇ ಸಂಖ್ಯೆಗಳಿಂದ 27 ಕಿ.ಮೀ.ಯನ್ನು 0.9ರಿಂದ ಭಾಗಿಸಿದರೆ ಎಂಟು ಗಂಟೆ ಇಪ್ಪತ್ತು ನಿಮಿಷ, ಬಿರುಕು ಬಿಟ್ಟ ಎರೆ ಮಣ್ಣು ಕುಡಿಯುವುದನ್ನು ಸೇರಿಸಿದರೆ ಇನ್ನೂ ಹೆಚ್ಚು. ಕಾಲುವೆ ತುಂಬಲು 1,35,000 ಘನ ಮೀಟರ್ ಬೇಕು. ನಿಲ್ಲಿಸಿ ಬಿಡುವ ಪದ್ಧತಿಯಲ್ಲಿ ಪ್ರತಿ ಸಲ ಈ ಹೊತ್ತು ನಷ್ಟವಾಗುವುದು ಕೊನೆಯವನ ಸರದಿಯಿಂದಲೇ. ಆದ್ದರಿಂದ ಮಾದರಿಯ ಗುರಿಯನ್ನು ಕೊನೆಯ ಮಟ್ಟ ಎಂದು ಇಡಬೇಡಿ. ಒಂದು ಸರದಿಯಲ್ಲಿ ಕೊನೆಯ ಎಕರೆಗೆ ಸಿಕ್ಕ ಒಟ್ಟು ನೀರನ್ನು ಮೊದಲ ಎಕರೆಗೆ ಸಿಕ್ಕ ನೀರಿನಿಂದ ಭಾಗಿಸಿ ಬರುವ ಅನುಪಾತವನ್ನು ಇಡಿ. ನಮಗೆ ಮುಖ್ಯವಾದ ಸಂಖ್ಯೆ ಅದೊಂದೇ.

ಪ್ರಶ್ನಿಸಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕಾಲದ ಹೆಜ್ಜೆಯನ್ನು ಒಂದು ನಿಮಿಷಕ್ಕೂ ಅರ್ಧ ನಿಮಿಷಕ್ಕೂ ಇಳಿಸಿ ಓಡಿಸಿದೆವು. ತೂಗಾಟದ ಅವಧಿ ಬದಲಾಗಲಿಲ್ಲ, ಆರಂಭದ ಅಲೆಗಳು ಹದಿನಾರು ಗಂಟೆಯ ಆಸುಪಾಸಿನಲ್ಲೇ ಇವೆ. 0.04 ಇಟ್ಟಾಗ ಮಟ್ಟ ನಿಧಾನವಾಗಿ ಏರಿ ನಿಂತಿತು. ನಿರೀಕ್ಷೆಯಿಂದ ಹೆಚ್ಚುವ ಎತ್ತುವಿಕೆಯನ್ನು ಒಂದೇ ನಿಯತಾಂಕವಾಗಿ ಸೇರಿಸಿ, ಕೊನೆ ಮತ್ತು ಮೊದಲ ಎಕರೆಯ ಅನುಪಾತವನ್ನೇ ಗುರಿಯಾಗಿಡಲು ನಿರ್ಧರಿಸಿದ್ದೇವೆ. ಕೀಟದ ತಂಡ ಹತ್ತು ದಿನಗಳ ಒಟ್ಟು ನೀರನ್ನು ತೆಗೆದುಕೊಂಡು ಪ್ರತ್ಯೇಕವಾಗಿ ಮುಂದುವರಿಯಲಿದೆ. ಇನ್ನು ಉಳಿದಿರುವುದು ಅಳತೆ. ನಿಜವಾದ ಒಂದು ಕಾಲುವೆಯ ತಡವನ್ನು, ಯಾವ ಉಪಕರಣವೂ ಇಲ್ಲದ ವಿದ್ಯಾರ್ಥಿಗಳು, ಗೇಜ್ ಕಂಬವನ್ನು ಕಣ್ಣಿನಿಂದ ಓದಿ ಕಂಡುಕೊಳ್ಳಬಹುದೇ?

ಉತ್ತರ 1 ಬರೆದವರಿಂದ

ಕಂಡುಕೊಳ್ಳಬಹುದು. ಕಾಲುವೆ ಒಂದೆರಡು ದಿನ ಸ್ಥಿರವಾಗಿ ಹರಿದ ಮೇಲೆ ಸಿಬ್ಬಂದಿ ತಾವಾಗಿಯೇ ಹರಿವನ್ನು ಹೆಚ್ಚಿಸುವ ದಿನವನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಅದಕ್ಕಾಗಿ ಗೇಟನ್ನು ಮುಟ್ಟುವ ಅಗತ್ಯವಿಲ್ಲ. ಒಬ್ಬರು ತಲೆಭಾಗದಲ್ಲಿ, ಒಬ್ಬರು ನಡುವೆ, ಒಬ್ಬರು ಕೊನೆಯಲ್ಲಿ ನಿಂತು ಹದಿನೈದು ನಿಮಿಷಕ್ಕೊಮ್ಮೆ ಗೇಜ್ ಓದಿ ಬರೆದಿಡಲಿ, ಏರಿಕೆ ಮುಗಿದು ಮಟ್ಟ ಮತ್ತೆ ನಿಲ್ಲುವವರೆಗೆ ಬಿಡದೆ ಓದಲಿ. ಮೂವರ ಗಡಿಯಾರಗಳೂ ಒಂದೇ ಸಮಯ ತೋರಿಸುತ್ತಿರಬೇಕು. ಏರಿಕೆ ಕೆಳಗಿಳಿಯುತ್ತಾ ಹರಡಿಕೊಳ್ಳುವುದರಿಂದ ಮೊದಲ ಅಲುಗಾಟ ಕಂಡ ಗಳಿಗೆಯನ್ನು ತಡವೆಂದು ಹಿಡಿಯಬೇಡಿ. ಒಟ್ಟು ಏರಿಕೆಯ ಅರ್ಧ ಮುಗಿದ ಗಳಿಗೆಯನ್ನು ಮೂರೂ ಕಡೆ ಗುರುತಿಸಿ ಅವುಗಳ ನಡುವಿನ ಅಂತರವನ್ನು ಹಿಡಿಯಿರಿ. ನಡುವಿನ ಗೇಜ್ ಇರುವುದರಿಂದ ತಡ ಎಲ್ಲಿ ಹೆಚ್ಚು ಎಂಬುದೂ ತಿಳಿಯುತ್ತದೆ. ಸಾಮಾನ್ಯವಾಗಿ ಅದು ಕಳೆ ಮತ್ತು ಹೂಳು ತುಂಬಿದ ಕೆಳಗಿನ ಅರ್ಧದಲ್ಲಿರುತ್ತದೆ. ಇದನ್ನೇ ನೀರು ಬಿಟ್ಟ ಮೊದಲ ತಿಂಗಳಲ್ಲಿ ಒಮ್ಮೆ, ಕಳೆ ಬೆಳೆದ ಮೇಲೆ ಇನ್ನೊಮ್ಮೆ ಮಾಡಿದರೆ ನಿಮ್ಮ ನಿಯತಾಂಕ ಎಷ್ಟು ಅಲುಗಾಡುತ್ತದೆ ಎಂಬುದು ಗೊತ್ತಾಗುತ್ತದೆ, ಮತ್ತು ಗೇನನ್ನು ಆ ಎರಡರಲ್ಲಿ ಹೆಚ್ಚಿನ ತಡಕ್ಕೆ ತಕ್ಕಂತೆ ಇಡಬೇಕು.